ಬರ, ವಿದ್ಯುತ್ ಅಭಾವ ಮತ್ತು ಕುಡಿಯುವ ನೀರು: ಜಿಗಣಿ ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೆ ಅಧ್ಯಯನ ಪಾಠ

2023ರ ಮುಂಗಾರು ವಿಫಲವಾದಾಗ ರಾಜ್ಯದ ವಿದ್ಯುತ್ ವ್ಯವಸ್ಥೆಗೆ ಎರಡು ಕಡೆಯಿಂದ ಪೆಟ್ಟು ಬಿದ್ದಿತು. ಲಿಂಗನಮಕ್ಕಿ ಜಲಾಶಯದ ನೀರಿನ ಸಂಗ್ರಹ ಕುಸಿದು ಶರಾವತಿಯ ಜಲವಿದ್ಯುತ್ತಿಗೆ ಕೊರತೆಯಾಯಿತು. ಅದೇ ವೇಳೆ ಒಣಗುತ್ತಿದ್ದ ಬೆಳೆಗೆ ನೀರುಣಿಸಲು ಪಂಪ್‌ಸೆಟ್‌ಗಳ ಬಳಕೆ ಏರಿತು. ಆ ಅಕ್ಟೋಬರ್‌ನಲ್ಲಿ ಸರ್ಕಾರವು ವಿದ್ಯುತ್ ಕಾಯ್ದೆ 2003ರ ಪ್ರಕರಣ 11ರಡಿ, ರಾಜ್ಯದೊಳಗಿನ ಉತ್ಪಾದಕರು ರಾಜ್ಯದ ಗ್ರಿಡ್‌ಗೇ ವಿದ್ಯುತ್ ಪೂರೈಸಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ ಮುಂದೆ ಮರಳಿಸುವ ಕರಾರಿನ ಮೇಲೆ ವಿದ್ಯುತ್ ಪಡೆಯಲಾಯಿತು. ಜಲವಿದ್ಯುತ್ತನ್ನೇ ಬಹುಪಾಲು ನೆಚ್ಚಿದ್ದ ಆಫ್ರಿಕಾದ ಜಾಂಬಿಯಾ ದೇಶವು 2024ರ ಬರದಲ್ಲಿ ದಿನದ ಹೆಚ್ಚಿನ ಹೊತ್ತು ಕತ್ತಲೆಯಲ್ಲಿ ಕಳೆಯಬೇಕಾಯಿತು.

ಇಂತಹ ಆಘಾತವು ಪಂಚಾಯಿತಿಯನ್ನು ಮೊದಲು ತಟ್ಟುವುದು ಕೊಳವೆಬಾವಿಯ ಮೂಲಕ. ಜಿಗಣಿ ಪಟ್ಟಣವು ಪುರಸಭೆಯ ವ್ಯಾಪ್ತಿಯಲ್ಲಿದ್ದರೂ, ಕೈಗಾರಿಕಾ ಪ್ರದೇಶದ ಅನೇಕ ಕಾರ್ಮಿಕರು ಸುತ್ತಲಿನ ಹಳ್ಳಿಗಳ ಬಾಡಿಗೆ ಮನೆಗಳಲ್ಲಿ ವಾಸಿಸುತ್ತಾರೆ. ವಿದ್ಯುತ್ ಹೋದರೆ ಕಾರ್ಖಾನೆಗೆ ಜನರೇಟರ್ ಇರಬಹುದು. ವಠಾರದ ನಲ್ಲಿಗೆ ಪಂಚಾಯಿತಿಯ ಮೋಟಾರೇ ಗತಿ.

ಒಂದು ಲೆಕ್ಕವನ್ನು ಗಮನಿಸಬಹುದು. 1,000 ಜನರಿಗೆ ತಲಾ 55 ಲೀಟರ್‌ನಂತೆ ದಿನಕ್ಕೆ 55,000 ಲೀಟರ್ ನೀರು ಬೇಕು. ಮೋಟಾರು, ಪಂಪಿನ ನಷ್ಟವನ್ನು ಅರ್ಧದಷ್ಟು ಎಂದು ಹಿಡಿದರೆ, ಅಷ್ಟು ನೀರನ್ನು 200 ಮೀಟರ್ ಎತ್ತಲು ಸುಮಾರು 60 ಯೂನಿಟ್ ಬೇಕು. ನೀರಿನ ಮಟ್ಟ 300 ಮೀಟರ್‌ಗೆ ಇಳಿದರೆ 90 ಯೂನಿಟ್. ಜನಸಂಖ್ಯೆ ಹೆಚ್ಚದಿದ್ದರೂ ತಿಂಗಳಿಗೆ 900 ಯೂನಿಟ್ ಹೆಚ್ಚುವರಿ ಹೊರೆ ಬೀಳುತ್ತದೆ. ವಿದ್ಯುತ್ ಅಭಾವದ ಕಾಲದಲ್ಲಿಯೇ ಈ ಹೊರೆಯೂ ಬರುತ್ತದೆ ಎಂಬುದು ಮುಖ್ಯ.

ವಿದ್ಯುತ್ ಖರೀದಿ ಪಂಚಾಯಿತಿಯ ಅಧಿಕಾರದಲ್ಲಿಲ್ಲ. ಆದರೆ ಕೆಳಗಿನ ಕ್ರಮಗಳು ಅದರ ಕೈಯಲ್ಲಿವೆ:

1. ಸೌರವಿದ್ಯುತ್ ಲಭ್ಯವಿರುವ ಹಗಲಿನಲ್ಲಿ ಮೋಟಾರು ನಡೆಸಿ, ಸಂಜೆಯ ಒತ್ತಡದ ವೇಳೆಗೆ ಮುನ್ನ ಮೇಲ್ತೊಟ್ಟಿ ತುಂಬಿಸುವುದು. ತುಂಬಿದ ತೊಟ್ಟಿಯೇ ಊರಿನ ಬ್ಯಾಟರಿ.
2. ಪ್ರತಿ ಮೋಟಾರಿನ ಯೂನಿಟ್ ಬಳಕೆ ಹಾಗೂ ಕೊಳವೆಬಾವಿಯ ನೀರಿನ ಮಟ್ಟವನ್ನು ಪ್ರತಿ ತಿಂಗಳು ವಹಿಯಲ್ಲಿ ದಾಖಲಿಸುವುದು.
3. ಪೈಪುಗಳ ಸೋರಿಕೆ ತಡೆಯುವುದು. ಸೋರಿದ ನೀರಿನೊಡನೆ ವಿದ್ಯುತ್ತೂ ಸೋರುತ್ತದೆ.
4. ಬೀದಿದೀಪಗಳಿಗೆ ಎಲ್‌ಇಡಿ ಬಲ್ಬು ಮತ್ತು ಟೈಮರ್ ಅಳವಡಿಸುವುದು.
5. ಕೆರೆಯ ಹೂಳೆತ್ತಿ, ಮಳೆನೀರು ಇಂಗಿಸಿ ಅಂತರ್ಜಲ ಕಾಯುವುದು.

ಚರ್ಚೆಗೆ: ಎರಡು ದಿನ ವಿದ್ಯುತ್ ನಿಂತರೆ ನಮ್ಮ ಮೇಲ್ತೊಟ್ಟಿಯ ನೀರು ಎಷ್ಟು ಮನೆಗಳಿಗೆ, ಎಷ್ಟು ಹೊತ್ತು ಸಾಕಾಗುತ್ತದೆ? ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ತಮ್ಮ ತಮ್ಮ ವಾರ್ಡಿನ ಉತ್ತರವನ್ನು ಅಂಕಿಗಳಲ್ಲಿ ಮಂಡಿಸುವುದು ಸೂಕ್ತ.