ಇಲ್ಲದ್ದನ್ನು ಮಾರುವುದು ಪಾಪವೇ?



ಕಬ್ಬಿನ ಬಿಲ್ಲು ಕೈಸೇರಿದೊಡನೆ ಮೊಬೈಲಿನಲ್ಲಿ ಷೇರು ವ್ಯವಹಾರಕ್ಕಿಳಿಯುವ ಯುವಕರು ಇಂದು ಜಮಖಂಡಿ, ಮುಧೋಳ, ಬೀಳಗಿಯ ಕಡೆಯೂ ಇದ್ದಾರೆ. ಅವರ ಪ್ರಶ್ನೆ: "ಫಾದರ್, ಶಾರ್ಟ್ ಸೆಲ್ಲಿಂಗ್ ಮಾಡಿದರೆ ಪಾಪವೇ?"

ಹಾಗೆಂದರೇನು? ಎರವಲು ತಂದ ಷೇರನ್ನು 500 ರೂಪಾಯಿಗೆ ಮಾರಿ, ಬೆಲೆ 400ಕ್ಕೆ ಇಳಿದಾಗ ಕೊಂಡು ಹಿಂದಿರುಗಿಸುವುದು. ಲಾಭ ನೂರು. ಆದರೆ ಬೆಲೆ 700ಕ್ಕೆ ಏರಿದರೆ ನಷ್ಟ ಇನ್ನೂರು. ಬೆಲೆಯ ಏರಿಕೆಗೆ ಮಿತಿಯಿಲ್ಲ. ಆದ್ದರಿಂದ ನಷ್ಟಕ್ಕೂ ಮಿತಿಯಿಲ್ಲ. ಬೆಲೆ ಇಳಿಯುವುದೆಂದು ಫ್ಯೂಚರ್ಸ್ ಮಾರುವುದೂ ಇದೇ ಜಾತಿಯದು.

ಕೈಯಲ್ಲಿಲ್ಲದ್ದನ್ನು ಮಾರುವುದೇ ಪಾಪವೆನ್ನಲಾಗದು. ರಬಕವಿ-ಬನಹಟ್ಟಿಯ ನೇಕಾರ ಇನ್ನೂ ಮಗ್ಗಕ್ಕೇರದ ಸೀರೆಗೆ ಮುಂಗಡ ಪಡೆದರೆ ಅದು ಮೋಸವಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಕಸುಬು ಅವನಲ್ಲಿದೆ. ಬೆಲೆ ಇಳಿಯುವುದೆಂದು ತಿಳಿದು ಮಾರುವುದೂ ತಾನಾಗಿ ಅನ್ಯಾಯವಲ್ಲ. ಸಂತ ತೋಮಸ್ ಅಕ್ವಿನರು ಒಂದು ಉದಾಹರಣೆ ಕೊಡುತ್ತಾರೆ: ಗೋದಿ ದುಬಾರಿಯಾಗಿರುವ ಊರಿಗೆ ಒಬ್ಬ ವ್ಯಾಪಾರಿ ಬರುತ್ತಾನೆ. ಹಿಂದೆ ಇನ್ನೂ ಅನೇಕರು ಗೋದಿ ತರುತ್ತಿರುವುದು ಅವನಿಗೆ ಗೊತ್ತು. ಅದನ್ನು ಹೇಳದೆ ಇಂದಿನ ಬೆಲೆಗೆ ಮಾರಿದರೆ ನ್ಯಾಯಕ್ಕೆ ಭಂಗವಿಲ್ಲ. ಹೇಳಿದರೆ ಅಥವಾ ಬೆಲೆ ಇಳಿಸಿದರೆ ಹೆಚ್ಚಿನ ಸದ್ಗುಣ.

ಹಾಗಾದರೆ ಪಾಪ ಎಲ್ಲಿದೆ? ಪರರಿಗೆ ಹಾನಿಯಾಗುವಂತೆ ಬೆಲೆಯನ್ನು ಕೃತಕವಾಗಿ ಏರಿಳಿಸುವುದು ಏಳನೆಯ ಆಜ್ಞೆಗೆ ವಿರುದ್ಧವೆಂದು ಧರ್ಮಸಭೆ ಬೋಧಿಸುತ್ತದೆ. ಷೇರು ಮಾರಿಟ್ಟು, ಅದರ ಬೆಲೆ ಬೀಳಲೆಂದು ಸುಳ್ಳು ಸುದ್ದಿ ಹಬ್ಬಿಸುವುದು ಕಳವೇ ಸರಿ. 2018ರಲ್ಲಿ ವ್ಯಾಟಿಕನ್ ಹೊರಡಿಸಿದ ಹಣಕಾಸು ಕುರಿತ ದಾಖಲೆಯೂ ಪರರ ಸೋಲಿನ ಮೇಲೆ ಕಟ್ಟುವ ಜೂಜನ್ನು ಖಂಡಿಸಿದೆ.

ಇನ್ನೊಂದು ಹಾನಿ ನಮ್ಮ ಮನೆಯೊಳಗೇ ಆಗುತ್ತದೆ. 2024ರ ಸೆಬಿ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ಹಣ ಕಳೆದುಕೊಂಡರು. ಜೂಜು ತಾನಾಗಿ ಅನ್ಯಾಯವಲ್ಲದಿದ್ದರೂ, ತನ್ನ ಮತ್ತು ಪರರ ಅಗತ್ಯಕ್ಕೆ ಬೇಕಾದುದನ್ನು ಕಸಿದಾಗ ಅದು ಸಲ್ಲದೆಂಬುದು ಧರ್ಮಸಭೆಯ ಬೋಧನೆ. ಬೀಜ-ಗೊಬ್ಬರದ ಹಣ, ಮಗಳ ಫೀಜು, ಹೆಂಡತಿಯ ಬಂಗಾರ ಇವು ಪಣಕ್ಕಿಡುವ ವಸ್ತುಗಳಲ್ಲ.

ಆದ್ದರಿಂದ ಮಾರುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಬೆಲೆ ಬೀಳಿಸಲು ನಾನು ಸುಳ್ಳಿಗೆ ಕೈಜೋಡಿಸಿದ್ದೇನೆಯೇ? ಸೋತರೆ ಯಾರ ತಾಟು ಬರಿದಾಗುತ್ತದೆ? ಈ ವಿಷಯ ಹೆಂಡತಿಗೆ ಗೊತ್ತಿದೆಯೇ?

ಮೂರನೆಯದಕ್ಕೆ 'ಇಲ್ಲ' ಎಂದಾದರೆ ಮೊಬೈಲನ್ನು ಬದಿಗಿಡಿ. ಇಂದಿನ ಸಂಜೆಯ ಜಪಸರದ ನಂತರ ಅವಳೊಡನೆ ಕೂತು ಮಾತಾಡಿ.