ಸದ್ದು ಪಂಪಿನೊಳಗೇ ಇರುವುದಿಲ್ಲ

ದಾಂಡೇಲಿಯಲ್ಲಿ ರಾತ್ರಿ ಗಾಡಿಗಳ ಓಡಾಟ ನಿಂತ ಮೇಲೆ ಮನೆಯೊಳಗಿನ ಸಣ್ಣ ಸದ್ದೂ ದೊಡ್ಡದಾಗುತ್ತದೆ. ಹಗಲಿಡೀ ಯಾರ ಕಿವಿಗೂ ಬೀಳದ ಮೀನಿನ ತೊಟ್ಟಿಯ ಏರ್ ಪಂಪ್ ಆಗ ಗುಂಯ್ ಎನ್ನತೊಡಗುತ್ತದೆ. ನಮ್ಮ ತೊಟ್ಟಿ ಇರುವುದು ಪಡಸಾಲೆಯಲ್ಲಿ, ಅಪ್ಪ ಮಲಗುವುದೂ ಅಲ್ಲೇ. ಪೇಪರ್ ಮಿಲ್ಲಿನಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರಿಗೆ ನಿದ್ದೆ ಬಲು ತೆಳು. "ತಮ್ಮಾ, ರಾತ್ರಿ ಅದನ್ನ ಬಂದ್ ಮಾಡಿಬಿಡು, ಮುಂಜಾನೆ ಹಚ್ಚಿದ್ರಾತು" ಅಂದರು.

ಆದರೆ ಗಾಳಿ ಹೆಚ್ಚು ಬೇಕಾಗುವುದೇ ರಾತ್ರಿ. ತೊಟ್ಟಿಯಲ್ಲಿ ಗಿಡಗಳಿದ್ದರೆ ಬೆಳಕಿರುವಷ್ಟು ಹೊತ್ತು ಅವು ಆಮ್ಲಜನಕ ಬಿಡುತ್ತವೆ. ಕತ್ತಲಾದ ಮೇಲೆ ಮೀನಿನ ಜೊತೆ ಅವೂ ಅದನ್ನೇ ಬಳಸುತ್ತವೆ. ಹೀಗಾಗಿ ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಅದರ ಮೇಲೆ ನಮ್ಮ ಬೇಸಿಗೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಿನ ಜಾವ ಗೋಲ್ಡ್‌ಫಿಶ್ ಮೇಲಕ್ಕೆ ಬಂದು ಬಾಯಿ ಬಿಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪ್ ನಿಲ್ಲಿಸುವಂತಿರಲಿಲ್ಲ, ಅಪ್ಪನ ನಿದ್ದೆ ಕೆಡಿಸುವಂತೆಯೂ ಇರಲಿಲ್ಲ. ಸದ್ದು ಎಲ್ಲಿಂದ ಹುಟ್ಟುತ್ತದೆ ಎಂದು ಹುಡುಕಲು ಕೂತೆ.

ಹಳೆಯ ಪಂಪೊಂದರ ಅಡಿಯ ಸ್ಕ್ರೂ ತೆಗೆದು ನೋಡಿ, ಒಳಗೆ ತಿರುಗುವಂಥದ್ದು ಏನೂ ಇಲ್ಲ. ಒಂದು ತಾಮ್ರದ ಕಾಯಿಲ್, ಅದರ ಮುಂದೆ ಅಯಸ್ಕಾಂತ ಕೂರಿಸಿದ ಒಂದು ಕಡ್ಡಿ, ಕಡ್ಡಿಗೆ ಅಂಟಿಕೊಂಡ ಕಪ್ಪು ರಬ್ಬರಿನ ಬಟ್ಟಲು, ಅಷ್ಟೇ. ನಮ್ಮ ಕರೆಂಟು 50 ಹರ್ಟ್ಸ್. ಆ ಲೆಕ್ಕಕ್ಕೆ ಕಡ್ಡಿ ಸೆಕೆಂಡಿಗೆ 50 ಸಲ ಅತ್ತಿಂದಿತ್ತ ಅದುರುತ್ತ ರಬ್ಬರನ್ನು ಒತ್ತಿ ಎಳೆದು ಗಾಳಿ ತಳ್ಳುತ್ತದೆ. ನಮ್ಮ ಪಂಪಿನ ರಬ್ಬರನ್ನು ಬೆರಳಲ್ಲಿ ಹಿಗ್ಗಿಸಿದಾಗ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಬಾಯಿಬಿಟ್ಟಿತು. ಅಲ್ಲಿಂದ ಗಾಳಿ ಸೋರುತ್ತಿತ್ತು, ಕಡ್ಡಿ ಹದತಪ್ಪಿ ಪಕ್ಕದ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ಕಟಕಟ ಸದ್ದು ಬಂದದ್ದು ಅಲ್ಲಿಂದ.

ಗುಂಯ್ ಅನ್ನುವುದು ಮಾತ್ರ ಬೇರೆ ಕಡೆಯಿಂದ. ಪಂಪ್ ಯಾವುದರ ಮೇಲೆ ಕೂತಿದೆಯೋ ಅದೂ ಅದುರುತ್ತದೆ. ಹಳಿಯಾಳದಲ್ಲಿರುವ ಗೆಳೆಯನೊಬ್ಬ ಪಂಪನ್ನು ಪ್ಲೈವುಡ್ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದ್ದ, ಸದ್ದು ಮುಚ್ಚಿಹೋಗಲೆಂದು. ಒಳಗೆ ಟೊಳ್ಳಿದ್ದ ಕಪಾಟು ತಂಬೂರಿಯ ಬುರುಡೆಯಂತೆ ಸದ್ದನ್ನು ಇನ್ನಷ್ಟು ಹಿಗ್ಗಿಸುತ್ತಿತ್ತು. ಅದೇ ಪಂಪನ್ನು ಹೊರಗೆ ತೆಗೆದು, ಗೋಡೆಗೆ ತಾಗದಂತೆ ದಪ್ಪ ಸ್ಪಾಂಜಿನ ಮೇಲಿಟ್ಟೆವು. ಅವನ ಹೆಂಡತಿ ಒಳಗಿನಿಂದ ಬಂದು, "ಅಣ್ಣಾ, ಕರೆಂಟ್ ಹೋತೇನ್ರೀ?" ಅಂತ ಕೇಳಿದರು. ನೂಲಿಗೆ ಕಟ್ಟಿ ಮೊಳೆಗೆ ತೂಗುಬಿಟ್ಟರೆ ಇನ್ನೂ ಒಳ್ಳೆಯದು, ಆದರೆ ನೂಲು ಗಟ್ಟಿಯಿರಬೇಕು, ಪಂಪ್ ನೀರಿಗೆ ಬೀಳುವ ಜಾಗದಲ್ಲಿ ಇರಬಾರದು.

ಜನ ಗಮನಿಸದ ಇನ್ನೊಂದು ಸಂಗತಿ ಎಂದರೆ ನೀರಿನೊಳಗಿನ ಕಲ್ಲು. ಪೈಪಿನ ತುದಿಯಲ್ಲಿರುವ ಈ ಏರ್ ಸ್ಟೋನಿನ ರಂಧ್ರಗಳಲ್ಲಿ ಪಾಚಿಯೂ ಉಪ್ಪಿನಂಶವೂ ಕಟ್ಟಿಕೊಂಡರೆ ಗಾಳಿ ಹೊರಹೋಗಲು ತಿಣುಕುತ್ತದೆ. ಆ ಒತ್ತಡವೆಲ್ಲ ಹಿಂದಕ್ಕೆ ಬಂದು ರಬ್ಬರಿನ ಮೇಲೆ ಬೀಳುತ್ತದೆ, ಪಂಪಿನ ದನಿ ದಪ್ಪಗಾಗುತ್ತದೆ. ಪೈಪು ಎಲ್ಲಾದರೂ ಮಡಚಿಕೊಂಡಿದ್ದರೂ ಹೀಗೇ. ಎರಡು ಬಾಯಿಯ ಪಂಪಿನಲ್ಲಿ ಒಂದನ್ನು ಬಿರಡೆ ಹಾಕಿ ಮುಚ್ಚಬಾರದು. ಪೈಪಿಗೆ ಮೂರು ಬಾಯಿಯ ಒಂದು ಟೀ ಜೋಡಿಸಿ ಹೆಚ್ಚಾದ ಗಾಳಿಯನ್ನು ಹೊರಗೆ ಬಿಟ್ಟರೆ ಪಂಪ್ ಹಗುರಾಗುತ್ತದೆ. ಇಷ್ಟಾದ ಮೇಲೂ ಉಳಿಯುವ ಗುಳುಗುಳು ಪಂಪಿನದಲ್ಲ, ದಪ್ಪ ಗುಳ್ಳೆಗಳು ಮೇಲೆ ಬಂದು ಒಡೆಯುವ ಸದ್ದು. ಕಲ್ಲಿನ ಬದಲು ಸ್ಪಾಂಜ್ ಫಿಲ್ಟರ್ ಹಾಕಿ ಗಾಳಿ ತಗ್ಗಿಸಿದರೆ ಅದೂ ಅಡಗುತ್ತದೆ. ಗುಳ್ಳೆ ಎಷ್ಟು ಜೋರಾಗಿ ಎದ್ದಿತು ಎನ್ನುವುದಕ್ಕಿಂತ ಮೇಲಿನ ನೀರು ಎಷ್ಟು ಕದಡಿತು ಎನ್ನುವುದು ಮುಖ್ಯ; ಆಮ್ಲಜನಕ ಬಹುಪಾಲು ಒಳಸೇರುವುದು ನೀರಿನ ಮೇಲ್ಮೈಯಿಂದ. ಗಣೇಶಗುಡಿಯ ಕೆಳಗೆ ಕಾಳಿ ನದಿ ಬಂಡೆಗಳಿಗೆ ಬಡಿದು ನೊರೆಯಾಗಿ ಹರಿಯುವಲ್ಲಿ ನಡೆಯುವುದೂ ಇದೇ ಕೆಲಸ.

ಇದೆಲ್ಲ ಗೊತ್ತಾದ ಮೇಲೆ ಹೊಸ ಪಂಪ್ ತರಲು ಹುಬ್ಬಳ್ಳಿಗೆ ಹೋದೆ. ಪೇಟೆಯ ಗದ್ದಲದಲ್ಲಿ ಯಾವ ಪಂಪಿನ ಸದ್ದೂ ಕೇಳಿಸುವುದಿಲ್ಲ, ಹಾಗಾಗಿ ಕಿವಿಯನ್ನು ನಂಬದೆ ಕೈಯನ್ನು ನಂಬಿದೆ. ಬರೀ ಗಾಳಿಯಲ್ಲಿ ಓಡಿಸಿ ತೋರಿಸಿದರೆ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಪೈಪಿಗೆ ಕಲ್ಲು ಸಿಕ್ಕಿಸಿ, ನಮ್ಮ ತೊಟ್ಟಿಯಷ್ಟೇ ಆಳದ ಬಕೆಟಿನಲ್ಲಿ ಮುಳುಗಿಸಿ ಓಡಿಸಲು ಕೇಳಿಕೊಂಡೆ. ಆಗ ಅಂಗೈಯಲ್ಲಿ ಹಿಡಿದರೆ ಯಾವುದರ ಅದುರು ಮೊಣಕೈವರೆಗೆ ಏರುತ್ತದೆ, ಯಾವುದರದು ಅಂಗೈಯಲ್ಲೇ ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ. ತುಸು ಭಾರವಾದ, ಅಡಿಯಲ್ಲಿ ಮೆತ್ತನೆಯ ದಪ್ಪ ರಬ್ಬರ್ ಕಾಲುಗಳಿರುವ, ವೇಗ ತಗ್ಗಿಸುವ ಗುಂಡಿಯಿರುವ ಪಂಪನ್ನು ಆರಿಸಿಕೊಂಡೆ. ಗುಂಡಿ ಕಡ್ಡಿಯ ಅದುರನ್ನೇ ತಗ್ಗಿಸಬೇಕು, ಗಾಳಿಯ ದಾರಿಯನ್ನು ಬಿಗಿಯುವಂಥದ್ದಾದರೆ ಸದ್ದು ಹೆಚ್ಚುತ್ತದೆ. ಮೂರು ವ್ಯಾಟಿನ ಪಂಪ್ ಹಗಲು-ರಾತ್ರಿ ಓಡಿದರೂ ತಿಂಗಳಿಗೆ ಎರಡು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬಿಲ್ಲಿನ ಚಿಂತೆಗೆ ರಾತ್ರಿ ನಿಲ್ಲಿಸುವವರು ಈ ಲೆಕ್ಕ ನೋಡಬೇಕು.

ಪಂಪೇ ಬೇಡದ ಮೀನುಗಳೂ ಇವೆ. ಮುಂಡಗೋಡದ ಪರಿಚಯದವರೊಬ್ಬರು ಒಂದೇ ಒಂದು ಫೈಟರ್ ಮೀನಿಗಾಗಿ ಪಂಪ್ ಹುಡುಕುತ್ತಿದ್ದರು. ಫೈಟರ್, ಗೌರಾಮಿ ಮೀನುಗಳು ಮೇಲೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವು, ಜೋರು ಗುಳ್ಳೆ ಅವಕ್ಕೆ ಕಿರಿಕಿರಿ. ನೀರು ಚೊಕ್ಕಟವಿಡಿ ಸಾಕು, ಪಂಪಿನ ದುಡ್ಡು ಉಳಿಸಿ ಎಂದೆ. ಹರಿಯುವ ಹಳ್ಳದ ಮೀನುಗಳದು ಇದಕ್ಕೆ ತಿರುವುಮುರುವು. ನಮ್ಮ ಕಡೆ ಹುಡುಗರು ಹಳ್ಳದಿಂದ ಸಣ್ಣ ಮೀನು ಹಿಡಿದು ತಂದು ಬಾಟಲಿಯಲ್ಲಿಡುವುದುಂಟು, ಎಂಥ ಪಂಪ್ ಹಾಕಿದರೂ ಅವು ಬದುಕುವುದು ಕಷ್ಟ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಳ್ಳಗಳಿಂದ ತರುವಂತೆಯೂ ಇಲ್ಲ. ಅವು ಅಲ್ಲೇ ಇರಲಿ.

ನಮ್ಮ ತಾಲೂಕುಗಳಲ್ಲಿ ಪಂಪ್ ಕೊಳ್ಳುವವರು ಕರೆಂಟಿನ ಯೋಚನೆ ಬಿಡುವಂತಿಲ್ಲ. ಜೋಯಿಡಾ ಕಡೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅದು ನಿಂತ ಕೂಡಲೇ ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ನುಗ್ಗುತ್ತದೆ. ಪೈಪಿನ ನಡುವೆ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿದರೆ ಆ ಭಯವಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಎಂಥ ಸದ್ದಿಲ್ಲದ ಪಂಪೂ ಗೊರಗುಡುತ್ತದೆ. ಸೈನ್ ವೇವ್ ಆದರೆ ತೊಂದರೆಯಿಲ್ಲ. ಇನ್ವರ್ಟರ್ ಇಲ್ಲದ ಮನೆಗೆ, ಕರೆಂಟು ಹೋದೊಡನೆ ತಾನೇ ಚಾಲೂ ಆಗುವ ಬ್ಯಾಟರಿ ಪಂಪ್ ಒಂದನ್ನು ಜೊತೆಗೆ ಇಡುವುದು ವಾಸಿ. ಆಮ್ಲಜನಕ ಮೀನಿಗಷ್ಟೇ ಅಲ್ಲ, ಫಿಲ್ಟರಿನಲ್ಲಿ ಬೆಳೆದು ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳಿಗೂ ಬೇಕು.

ಕೊಳ್ಳುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: ಈ ಮಾಡೆಲಿನ ರಬ್ಬರ್ ಬಿಡಿಯಾಗಿ ಸಿಗುತ್ತದೆಯೇ? ಒಂದರ ರಬ್ಬರ್ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಸಿಗುತ್ತದೆ ಎಂದರೆ ಪಂಪಿನ ಜೊತೆಗೇ ಒಂದು ಸೆಟ್ ತಂದಿಡಿ. ಇಲ್ಲ ಎಂದರೆ, ಸದ್ದು ಎಷ್ಟೇ ಕಡಿಮೆ ಇರಲಿ, ಆ ಪಂಪನ್ನು ಅಲ್ಲೇ ಬಿಟ್ಟು ಬೇರೆಯದನ್ನು ನೋಡಿ.