ಸಾರ್ವಜನಿಕ ಸ್ಥಳಗಳಲ್ಲಿ ಸಾಕುನಾಯಿ: ಮಾಲೀಕರ ಹೊಣೆ

ನಾಯಿಯು ಸಾವಿರಾರು ವರ್ಷಗಳಿಂದ ಮನುಷ್ಯನೊಡನೆ ಬಾಳಿಬಂದ ಪ್ರಾಣಿ. ಹಳ್ಳಿಯಲ್ಲಿ ಅದು ಅಂಗಳ, ಹಿತ್ತಿಲು, ಹೊಲಗಳಲ್ಲಿ ತಿರುಗಾಡಿಕೊಂಡು ಮನೆ ಕಾಯುತ್ತದೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿಯಂತಹ ನಗರಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಒಂದೇ ಕಟ್ಟಡದಲ್ಲಿ ಅನೇಕ ಕುಟುಂಬಗಳು ವಾಸಿಸುತ್ತವೆ. ಮೆಟ್ಟಿಲು, ಲಿಫ್ಟ್, ಅಂಗಳ, ಉದ್ಯಾನ ಇವೆಲ್ಲವೂ ಎಲ್ಲರ ಬಳಕೆಗೆ ಸೇರಿದವು. ಆದುದರಿಂದ ಮನೆಯ ಹೊಸ್ತಿಲು ದಾಟಿದೊಡನೆ ನಾಯಿಯ ಬಾರು ಮಾಲೀಕರ ಕೈಯಲ್ಲಿರಬೇಕು.

ಬಾರು ಏಕೆ ಬೇಕು?

‘ನಮ್ಮ ನಾಯಿ ಯಾರಿಗೂ ಏನೂ ಮಾಡುವುದಿಲ್ಲ’ ಎಂದು ಮಾಲೀಕರು ಹೇಳುವುದುಂಟು. ಮನೆಯವರ ಮಟ್ಟಿಗೆ ಆ ಮಾತು ನಿಜವಿರಬಹುದು. ಆದರೆ ಎದುರಿಗೆ ಬರುವ ಅಪರಿಚಿತರಿಗೆ ಅದು ತಿಳಿಯದು. ಸೌಮ್ಯ ಸ್ವಭಾವದ ನಾಯಿಯೂ ಪಟಾಕಿಯ ಸದ್ದಿಗೆ ಬೆದರಬಹುದು. ಓಡುವ ಮಗುವನ್ನು ಕಂಡು ಬೆನ್ನಟ್ಟಬಹುದು. ಅದು ಕಚ್ಚದೆ ಕೇವಲ ಮೈಮೇಲೆ ಹಾರಿದರೂ ಮೆಟ್ಟಿಲಿಳಿಯುತ್ತಿರುವ ವೃದ್ಧರು ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವಿದೆ. ಬಾರು ನಾಯಿಗೂ ರಕ್ಷಣೆ. ಅದು ವಾಹನಗಳ ನಡುವೆ ನುಗ್ಗದಂತೆ, ಬೀದಿನಾಯಿಗಳೊಡನೆ ಕಾದಾಡದಂತೆ ತಡೆಯುತ್ತದೆ.

ಅನುಸರಿಸಬೇಕಾದ ಕ್ರಮ

ಕೊರಳಪಟ್ಟಿಯು ಉಸಿರು ಕಟ್ಟುವಷ್ಟು ಬಿಗಿಯಾಗಿಯೂ ತಲೆಯಿಂದ ಕಳಚಿಹೋಗುವಷ್ಟು ಸಡಿಲವಾಗಿಯೂ ಇರಬಾರದು. ನಾಯಿಯನ್ನು ತಡೆಯಬಲ್ಲ ವಯಸ್ಕರೇ ಬಾರನ್ನು ಹಿಡಿಯಬೇಕು. ಚಿಕ್ಕ ಮಕ್ಕಳ ಕೈಗೆ ಕೊಡುವುದು ಸರಿಯಲ್ಲ. ಲಿಫ್ಟಿನಲ್ಲಿಯೂ ಮೆಟ್ಟಿಲುಗಳಲ್ಲಿಯೂ ಬಾರನ್ನು ಗಿಡ್ಡವಾಗಿ ಹಿಡಿದು ನಾಯಿಯನ್ನು ಪಕ್ಕದಲ್ಲಿಯೇ ನಿಲ್ಲಿಸಿಕೊಳ್ಳಬೇಕು. ಅಂಜುವವರಿದ್ದರೆ ಅವರನ್ನು ಮೊದಲು ಹೋಗಗೊಡುವುದು ಉತ್ತಮ ನೆರೆಹೊರೆಯ ಲಕ್ಷಣ.

ಹೊರಗೆ ಬಾರು ಹಿಡಿಯಬೇಕೆಂದರೆ ದಿನವಿಡೀ ಕಟ್ಟಿಹಾಕಬೇಕೆಂದು ಅರ್ಥವಲ್ಲ. ಪ್ರಾಣಿಯನ್ನು ಅತಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಿಂದ ಅಕಾರಣವಾಗಿ ದೀರ್ಘಕಾಲ ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ ಪ್ರಕಾರ ಅಪರಾಧವಾಗಿದೆ. ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ದೊರಕಿಸದಿರುವುದನ್ನೂ ಅದೇ ಅಧಿನಿಯಮ ಹಿಂಸೆಯೆಂದು ಪರಿಗಣಿಸುತ್ತದೆ.

ಕಾನೂನು ಏನು ಹೇಳುತ್ತದೆ?

ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯವಾಗದಂತೆ ಎಚ್ಚರ ವಹಿಸದ ವ್ಯಕ್ತಿಯು ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದ ಮೇರೆಗೆ ಶಿಕ್ಷಾರ್ಹನು. ಆರು ತಿಂಗಳವರೆಗೆ ಕಾರಾಗೃಹವಾಸ, 5,000 ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದು. ಈ ಸಂಹಿತೆಯು 2024ರ ಜುಲೈ 1ರಿಂದ ಜಾರಿಯಲ್ಲಿದೆ.

ನಾಯಿ ಕಚ್ಚಿದಾಗ

ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿಯು ಬದುಕುಳಿಯುವುದು ಅತಿ ವಿರಳ. ಆದರೆ ಸಕಾಲದ ಚಿಕಿತ್ಸೆಯಿಂದ ಈ ರೋಗವನ್ನು ತಡೆಯಬಹುದು. ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಎಣ್ಣೆ ಮುಂತಾದವನ್ನು ಹಚ್ಚಬಾರದು. ತಡಮಾಡದೆ ವೈದ್ಯರನ್ನು ಕಂಡು, ಅವರು ಸೂಚಿಸಿದ ಎಲ್ಲ ಚುಚ್ಚುಮದ್ದುಗಳನ್ನೂ ಗೊತ್ತಾದ ದಿನಗಳಂದು ಪಡೆಯಬೇಕು. ಕಚ್ಚಿದ್ದು ಸಾಕುನಾಯಿಯೆಂದು ಉದಾಸೀನ ಮಾಡಬಾರದು.

ಸಾಕುನಾಯಿಗೆ ಮೂರು ತಿಂಗಳ ವಯಸ್ಸಿನಿಂದ ಪಶುವೈದ್ಯರ ಸಲಹೆಯಂತೆ ರೋಗನಿರೋಧಕ ಲಸಿಕೆ ಹಾಕಿಸುತ್ತಿರಬೇಕು. ಲಸಿಕೆಯು ರೋಗವನ್ನು ತಡೆಯುತ್ತದೆ. ಬಾರು ಕಡಿತವನ್ನೇ ತಡೆಯುತ್ತದೆ. ಎರಡರಲ್ಲಿ ಒಂದಿದ್ದರೆ ಸಾಲದು. ನಾಯಿಯ ಮೇಲಿನ ಪ್ರೀತಿಯಷ್ಟೇ ನೆರೆಯವರ ಮೇಲಿನ ಕಾಳಜಿಯೂ ಮಾಲೀಕರಲ್ಲಿದ್ದರೆ, ಮಕ್ಕಳೂ ವೃದ್ಧರೂ ನಾಯಿಗಳೂ ಒಂದೇ ಅಂಗಳದಲ್ಲಿ ನಿರ್ಭಯವಾಗಿ ಓಡಾಡಬಹುದು.